ನೋಡೋಣಪ್ಪನ ನಾಲ್ಕು ದಾರ

ಈ ಕಥೆ ಹೇಳಲು ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಗಾಳಿಪಟದ ವಿಷಯ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಕಚೇರಿಯ ವಿಷಯ ಅದಕ್ಕಿಂತ ಕಡಿಮೆ. ಹಾಸ್ಯವಂತೂ ನನ್ನ ಕೈಗೆ ಸಿಕ್ಕರೆ ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತದೆ. ಆದರೆ ಬಲ್ಲವರು ಯಾರೂ ಬಾಯಿ ಬಿಡುತ್ತಿಲ್ಲವಾದ್ದರಿಂದ, ಅವರೆಲ್ಲರ ಕ್ಷಮೆ ಕೇಳಿ, ತಪ್ಪಿದ್ದರೆ ತಿದ್ದಿಕೊಳ್ಳುವ ಷರತ್ತಿನ ಮೇಲೆ ಶುರು ಮಾಡುತ್ತೇನೆ. ನಗು ಬಂದರೆ ನಗಿ. ಬಾರದಿದ್ದರೆ ತಪ್ಪು ನನ್ನದು, ನೋಡೋಣಪ್ಪನದಲ್ಲ.

ನೋಡೋಣಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಜೀವ ಹಿಡಿದುಕೊಂಡಿತ್ತು. ಊರಿನ ನೀರಿನ ಮೀಟರುಗಳನ್ನು ಪರೀಕ್ಷೆ ಮಾಡುವ ಕಚೇರಿಯಲ್ಲಿ ಅವನು ಗುಮಾಸ್ತ. ಕೆಟ್ಟ ಮೀಟರು ಹೊತ್ತು ತಂದವರು "ಯಾವಾಗ ಸರಿ ಆಗುತ್ತೆ?" ಎಂದರೆ "ನೋಡೋಣ" ಎನ್ನುತ್ತಿದ್ದ. ಪಕ್ಕದ ಮೇಜಿನವರು "ಚಹಾಕ್ಕೆ ಬರ್ತೀಯಾ?" ಎಂದರೂ "ನೋಡೋಣ". ಹುಡುಗಿ ಒಪ್ಪಿಗೆಯೇ ಎಂದು ಹಿರಿಯರು ಕೇಳಿದಾಗಲೂ "ನೋಡೋಣ" ಎಂದಿದ್ದನಂತೆ. ನೋಡಿ ಮುಗಿಸುವಷ್ಟರಲ್ಲಿ ಮದುವೆಯೇ ಮುಗಿದಿತ್ತು. ಈ ಒಂದು ಮಾತಿನಿಂದ ಅವನಿಗೆ ಯಾವ ಶತ್ರುವೂ ಹುಟ್ಟಿರಲಿಲ್ಲ. ಯಾವ ಸ್ನೇಹಿತನೂ ಹುಟ್ಟಿರಲಿಲ್ಲ ಎನ್ನಿ.

ಅವನು "ನೋಡೋಣ" ಎನ್ನದೆ ಮಾಡುತ್ತಿದ್ದ ಕೆಲಸ ದಿನಕ್ಕೆ ಒಂದೇ. ಬೆಳಿಗ್ಗೆ ಮಗಳಿಗೆ ಜಡೆ ಹಾಕುವುದು.

ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಬೆಳಕು ಹರಿಯುವ ಮೊದಲೇ ಅವಳ ಪಾಳಿ. ಹೀಗಾಗಿ ಬಾಚಣಿಗೆ ಅಪ್ಪನ ಕೈಗೆ ಬಂದಿತ್ತು. ಪುಟ್ಟಿ ಎರಡನೇ ತರಗತಿಯಲ್ಲಿದ್ದಳು. ಉಗ್ಗುತ್ತಿದ್ದಳು. ತರಗತಿಯಲ್ಲಿ ಎದ್ದು ನಿಂತು ತನ್ನ ಹೆಸರು ಹೇಳಲು ಹೊರಟರೆ ಮೊದಲ ಅಕ್ಷರ ದಾಟುವಷ್ಟರಲ್ಲಿ ಇಡೀ ಬೆಂಚು ಆ ಅಕ್ಷರವನ್ನು ಜಪ ಮಾಡಲು ಶುರು ಮಾಡುತ್ತಿತ್ತು. ಆದ್ದರಿಂದ ಅವಳು ಮಾತು ಬಿಟ್ಟಿದ್ದಳು. ಅಮ್ಮನ ಹತ್ತಿರ ತಲೆಯಾಡಿಸುತ್ತಿದ್ದಳು, ಅಜ್ಜಿಯ ಹತ್ತಿರ ಅದೂ ಇಲ್ಲ. ಆದರೆ ಬೆಳಿಗ್ಗೆ, ಎದುರಿಗೆ ಬರೀ ಗೋಡೆ, ಬೆನ್ನ ಹಿಂದೆ ಅಪ್ಪ, ಕೂದಲಲ್ಲಿ ಬಾಚಣಿಗೆ ಇದ್ದಾಗ ಅದೇನಾಗುತ್ತಿತ್ತೋ, ಕೊಳಾಯಿ ತಿರುಗಿಸಿದ ಹಾಗೆ ಮಾತು ಬರುತ್ತಿತ್ತು. ಒಂದು ಅಕ್ಷರವೂ ಎಡವುತ್ತಿರಲಿಲ್ಲ. ಬೆಕ್ಕಿನ ಸುದ್ದಿ, ಕನಸಿನ ಸುದ್ದಿ, ಟೀಚರ ಮೂಗಿನ ಸುದ್ದಿ. ಜಡೆ ಮುಗಿದರೆ ಕೊಳಾಯಿ ಬಂದ್.

ಅದಕ್ಕೇ ನೋಡೋಣಪ್ಪ ಚೆನ್ನಾಗಿ ಬಂದ ಜಡೆಯನ್ನೂ "ಸೊಟ್ಟ ಆಯ್ತಲ್ಲೇ" ಎಂದು ಬಿಚ್ಚಿ ಮತ್ತೆ ಹಾಕುತ್ತಿದ್ದ. ಕಚೇರಿಗೆ ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದ. ಯಾಕೆ ತಡ ಎಂದರೆ ಹೇಳುತ್ತಿರಲಿಲ್ಲ. ಜಡೆ ಹಾಕುತ್ತಿದ್ದೆ ಎಂದು ಹೇಳುವ ಗಂಡಸನ್ನು ಯಾವ ಕಚೇರಿ ಬಿಟ್ಟೀತು?

ಹೀಗಿರುವಾಗ ಸುದ್ದಿ ಬಂತು: ಇಬ್ಬರು ಗುಮಾಸ್ತರಲ್ಲಿ ಒಬ್ಬರನ್ನು ಕಡಲ ದಂಡೆಯ ಉಪಕಚೇರಿಗೆ ಕಳಿಸಬೇಕು.

ಆ ಉಪಕಚೇರಿ ಇದ್ದದ್ದು ಒಂದು ಬೋಳು ಗುಡ್ಡದ ಮೂಗಿನ ಮೇಲೆ. ಒಂದು ಪಂಪುಮನೆ, ಒಂದು ಕೋಣೆ, ಮಿಕ್ಕಿದ್ದೆಲ್ಲ ಗಾಳಿ. ಹಿಂದಿನ ಗುಮಾಸ್ತ ಅಲ್ಲಿಂದ ವಾಪಸು ಬಂದಾಗ ಎದುರಿಗೆ ನಿಂತವರ ಹತ್ತಿರವೂ ಕೂಗಿ ಕೂಗಿ ಮಾತಾಡುತ್ತಿದ್ದ. ಅವನಿಗಿಂತ ಹಿಂದಿನವನು ವಾಪಸೇ ಬರಲಿಲ್ಲ. ಸತ್ತನೆಂದಲ್ಲ, ನಿವೃತ್ತಿಯಾಗುವವರೆಗೂ ಯಾರೂ ಕರೆಯಲಿಲ್ಲ. ಅಲ್ಲಿ ಶಾಲೆಯಿಲ್ಲ, ಬಟ್ಟೆ ಕಾರ್ಖಾನೆಯಿಲ್ಲ. ಹೋದವನು ಒಬ್ಬನೇ ಹೋಗಬೇಕು.

ಇಬ್ಬರು ಗುಮಾಸ್ತರಲ್ಲಿ ಒಬ್ಬ ನೋಡೋಣಪ್ಪ. ಇನ್ನೊಬ್ಬ ಬಿಲ್ಲಿನ ಗುಮಾಸ್ತ; ಬೆವರುವ ಕೈ, ಸದಾ ನಗುವ ಬಾಯಿ. ಯಾರನ್ನು ಕಳಿಸಬೇಕೆಂದು ತೀರ್ಮಾನಿಸಬೇಕಾದವರು ಹೊಸದಾಗಿ ಬಂದ ಸಾಹೇಬರು.

ಹೆಡ್ ಗುಮಾಸ್ತರು ನೋಡೋಣಪ್ಪನನ್ನು ಕಪಾಟಿನ ಮರೆಗೆ ಕರೆದರು. ಅವರು ಯಾರಿಗಾದರೂ ಬುದ್ಧಿ ಹೇಳುವುದು ಕಪಾಟಿನ ಮರೆಯಲ್ಲೇ. "ನೋಡಯ್ಯಾ, ಸಾಹೇಬರಿಗೆ ನೀನು ಯಾರು ಅಂತಾನೇ ಗೊತ್ತಿಲ್ಲ. ಗೊತ್ತಿಲ್ಲದೋರನ್ನ ಕಳಿಸೋದು ಸುಲಭ. ಕೋಳಿ ಕೊಯ್ಯೋನು ಅದರ ಹೆಸರು ಕೇಳ್ತಾನಾ? ಹೇಗಾದ್ರೂ ಮಾಡಿ ಅವರ ಕಣ್ಣಿಗೆ ಬೀಳು."

"ಹೇಗೆ ಬೀಳೋದು ಸಾರ್?"

"ಬಿಲ್ಲಿನೋನು ಆಗ್ಲೇ ಬಿದ್ದಿದಾನೆ. ಸಾಹೇಬರ ಮನೆ ಹೂಕುಂಡಕ್ಕೆ ಗೊಬ್ಬರ ಹೊತ್ಕೊಂಡು ಹೋಗಿದ್ದನಂತೆ. ನೀನು ಕನಿಷ್ಠ ಒಂದು ಫೈಲಾದ್ರೂ ಹೊತ್ಕೊಂಡು ಒಳಗೆ ಹೋಗು."

ನೋಡೋಣಪ್ಪ ಫೈಲು ಹೊತ್ತು ಒಳಗೆ ಹೋದ. ಸಾಹೇಬರು ಗೋಡೆಯ ಮೇಲಿನ ಒಂದು ಚಿತ್ರದ ಎದುರು ಕೈ ಹಿಂದೆ ಕಟ್ಟಿ ನಿಂತಿದ್ದರು. ಮರಳ ದಂಡೆಯ ಚಿತ್ರ. ನೆಲದಿಂದ ಆಳೆತ್ತರದಲ್ಲಿ ಬಾವಲಿ ರೆಕ್ಕೆ ಬಿಚ್ಚಿದಂಥ ಅಗಲವಾದ ಗಾಳಿಪಟವೊಂದು ಅಲುಗಾಡದೆ ನಿಂತಿತ್ತು. ದೂರದಲ್ಲಿ ಎರಡು ಕೈಯಲ್ಲೂ ಏನನ್ನೋ ಹಿಡಿದ ಸಾಹೇಬರು. ಆಗ ಹೊಟ್ಟೆ ಇಷ್ಟಿರಲಿಲ್ಲ.

"ಏನ್ರೀ ಇದು, ಹೇಳಿ ನೋಡೋಣ" ಎಂದರು ತಿರುಗದೆ.

"ಗಾಳಿಪಟ ಸಾರ್."

"ಅದು ಕುರುಡನಿಗೂ ಗೊತ್ತಾಗುತ್ತೆ. ಎಷ್ಟು ದಾರ?"

ನೋಡೋಣಪ್ಪನ ಕೈಗೆ ದಿನ ಬೆಳಗಾದರೆ ಎಳೆ ಬೇರೆ ಮಾಡುವ ಅಭ್ಯಾಸ. ಚಿತ್ರದಲ್ಲಿ ಕೂದಲೆಳೆಯಂತೆ ಕಾಣುತ್ತಿದ್ದ ಗೆರೆಗಳನ್ನು ಕಣ್ಣಿನಲ್ಲೇ ಬಿಡಿಸಿದ. "ನಾಲ್ಕು ಸಾರ್."

ಸಾಹೇಬರು ತಿರುಗಿದರು. ಕಳೆದುಹೋದ ತಮ್ಮನನ್ನು ಸಂತೆಯಲ್ಲಿ ಕಂಡವರಂತೆ ನೋಡಿದರು. "ಈ ಕಚೇರಿಯಲ್ಲಿ ಎಲ್ಲರೂ ಒಂದು ಅಂತಾರೆ. ಆ ಬಿಲ್ಲಿನ ಗುಮಾಸ್ತ 'ತಮ್ಮ ಇಷ್ಟ ಸಾರ್' ಅಂದ. ನೀವು ಹಾರಿಸ್ತೀರಾ?"

ಇಲ್ಲ ಎನ್ನಬೇಕಿತ್ತು. ಎರಡಕ್ಷರದ ಮಾತು. ಆದರೆ ಇಲ್ಲ ಎಂದವನು ಗುಡ್ಡಕ್ಕೆ, ಹೌದು ಎಂದವನು ಸುಳ್ಳುಗಾರ. ನೋಡೋಣಪ್ಪ ಎರಡರ ನಡುವೆ ತನ್ನ ಹಳೆಯ ಸಂದಿಯೊಳಗೆ ನುಸುಳಿದ. "ಒಂದು ತಗೋಬೇಕು ಅಂತ ಸಾರ್… ಯಾವುದು ಅಂತ ನೋಡ್ತಾ ಇದೀನಿ."

"ಯಾವ್ಯಾವುದರ ನಡುವೆ?"

"ಅದೇ ಸಾರ್… ಎರಡು ಮೂರು…"

"ಗೊತ್ತಾಯ್ತು ಬಿಡಿ! ಪೂರ್ತಿ ಬಟ್ಟೆಯದೋ, ಅರ್ಧ ಜಾಲರಿಯದೋ, ಪೂರ್ತಿ ಜಾಲರಿಯದೋ?"

"ಅದೇ ಸಾರ್. ಅದೇ ಗೊಂದಲ."

"ಅಯ್ಯೋ, ಅದೇ ಕಣ್ರೀ ಎಲ್ಲಾ ಬಲ್ಲೋರ ಗೊಂದಲ!" ಸಾಹೇಬರು ಕುರ್ಚಿ ಎಳೆದು ಅವನನ್ನು ಕೂರಿಸಿದರು. ಹೊರಗೆ ಬಾಗಿಲ ಸಂದಿಯಿಂದ ನೋಡುತ್ತಿದ್ದ ಬಿಲ್ಲಿನ ಗುಮಾಸ್ತನಿಗೆ ಗುಮಾಸ್ತನೊಬ್ಬ ಸಾಹೇಬರೆದುರು ಕೂತ ದೃಶ್ಯ ಕಂಡು ಕೈಯ ಬೆವರು ಕಾಲಿಗೆ ಇಳಿಯಿತು.

ಸಾಹೇಬರು ಕೊನೆಗೊಂದು ಮಾತು ಹೇಳಿದರು. ಈ ಕಥೆಯೆಲ್ಲ ಆ ಮಾತಿನ ಮೇಲೆ ನಿಂತಿದೆ. "ಅವಸರ ಮಾಡಬೇಡಿ. ಚೆನ್ನಾಗಿ ಆರಿಸಿ. ಈ ವರ್ಗಾವಣೆ ತಲೆನೋವು ಆಮೇಲೆ ನೋಡ್ಕೊಳ್ಳೋಣ. ನೀವು ಮೊದಲು ಪಟ ಆರಿಸಿ ಮುಗಿಸಿ."

ಅಂದರೆ, ಆರಿಸುತ್ತಿರುವಷ್ಟು ದಿನ ವರ್ಗಾವಣೆಯಿಲ್ಲ. ಜಗತ್ತಿನಲ್ಲಿ ತೀರ್ಮಾನ ಮಾಡದೇ ಇರುವುದಕ್ಕೆ ಬಹುಮಾನ ಸಿಕ್ಕ ಮೊದಲ ಮನುಷ್ಯ ತಾನೇ ಎಂದು ನೋಡೋಣಪ್ಪನಿಗೆ ಅನ್ನಿಸಿತು. ಕಚೇರಿಗಳ ಇತಿಹಾಸ ಅವನು ಓದಿರಲಿಲ್ಲ.

ಮನುಷ್ಯ ಪ್ರಾಮಾಣಿಕ. ಆರಿಸುತ್ತಿದ್ದೇನೆ ಎಂದ ಮೇಲೆ ಆರಿಸಬೇಕಲ್ಲ ಎಂದು ಅಂದೇ ಸಂಜೆ ಆಟದ ಸಾಮಾನಿನ ಅಂಗಡಿಗೆ ಹೋದ. ಅಂಗಡಿಯಾತ ಹಲ್ಲುನೋವಿನವನಂತೆ ಕೆನ್ನೆಗೆ ಕೈಕೊಟ್ಟು ಕೂತಿದ್ದ. ನಾಲ್ಕು ದಾರದ ಪಟ ಎಂದೊಡನೆ ಕೈ ತೆಗೆದ.

"ನೋಡಿ ಸಾರ್, ಕಷ್ಟ ಏನಿಲ್ಲ. ಎರಡು ಕೈಗೆ ಎರಡು ಹಿಡಿ. ಒಂದೊಂದು ಹಿಡಿಗೆ ಮೇಲೊಂದು ದಾರ, ಕೆಳಗೊಂದು ದಾರ. ಮೇಲಿನದು ಎಳೆದ್ರೆ ಪಟ ಮುಂದಕ್ಕೆ ಹೋಗುತ್ತೆ. ಕೆಳಗಿನದು ಎಳೆದ್ರೆ ನಿಲ್ಲುತ್ತೆ. ಇನ್ನೂ ಎಳೆದ್ರೆ ಹಿಂದಕ್ಕೆ ಬರುತ್ತೆ. ಹಿಂದಕ್ಕೆ ಹಾರಿಸೋದು ಮಾತ್ರ ದೊಡ್ಡ ವಿದ್ಯೆ. ವರ್ಷಗಟ್ಟಲೆ ಬೇಕು."

"ಹಿಂದಕ್ಕೆ ಯಾಕೆ ಹಾರಿಸ್ಬೇಕು?"

"ಅದು ಹಾರಿಸೋರನ್ನ ಕೇಳ್ಬೇಕು ಸಾರ್. ನಾನು ಮಾರೋನು." ಒಂದೊಂದೇ ಚೀಲ ಬಿಚ್ಚಿದ. "ಇದು ಪೂರ್ತಿ ಬಟ್ಟೆ. ಗಾಳಿ ಕಮ್ಮಿ ಇರೋ ಊರಿಗೆ. ಇರೋ ಚೂರುಪಾರು ಗಾಳೀನೂ ಬಿಡದೆ ಹಿಡ್ಕೊಳ್ಳುತ್ತೆ. ಇದಕ್ಕೆ ಅರ್ಧ ಜಾಲರಿ, ನಡುವಿನ ಗಾಳಿಗೆ. ಇದು ಪೂರ್ತಿ ಜಾಲರಿ, ಜೋರು ಗಾಳಿಗೆ. ಗಾಳಿ ತೂತಿಂದ ಆಚೆ ಹೋಗುತ್ತೆ, ಪಟ ಉಳಿಯುತ್ತೆ. ಇಲ್ಲಿ ಇನ್ನೊಂದಿದೆ, ಕಡ್ಡಿನೇ ಇಲ್ಲ. ಗಾಳಿ ತುಂಬಿ ದಿಂಬಿನ ಹಾಗೆ ಉಬ್ಬುತ್ತೆ. ಅದನ್ನ ನೀವು ಎಳೆಯೋಕಾಗಲ್ಲ. ಅದೇ ನಿಮ್ಮನ್ನ ಎಳ್ಕೊಂಡು ಹೋಗುತ್ತೆ."

ಅಂಥದೊಂದು ಮನೆಯಲ್ಲಿ ಈಗಾಗಲೇ ಇದೆ ಎಂದು ನೋಡೋಣಪ್ಪನಿಗೆ ಅತ್ತೆ ನೆನಪಾದರು. "ನೋಡೋಣ" ಎಂದು ಎದ್ದ.

ಅಂಗಡಿಯಾತ ಕೈಯನ್ನು ಮತ್ತೆ ಕೆನ್ನೆಗೆ ಕೊಟ್ಟ. "ಕೇಳೋರು ತಗೊಳ್ಳಲ್ಲ, ತಗೊಳ್ಳೋರು ಕೇಳಲ್ಲ."

ಅಲ್ಲಿಂದ ಸೋಮವಾರಕ್ಕೊಂದು ಸಂದೇಹ ಶುರುವಾಯಿತು. ಸಾಹೇಬರು ಕರೆಯುವರು. "ಏನಾಯ್ತು?" "ಅರ್ಧ ಜಾಲರಿ ಕಡೆ ಮನಸ್ಸು ವಾಲ್ತಿದೆ ಸಾರ್. ಆದ್ರೆ ಸಂಜೆ ಹೊತ್ತು ಗಾಳಿ ಬಿದ್ದು ಹೋದ್ರೆ?" "ಭೇಷ್! ಅದನ್ನ ಯೋಚಿಸೋರೇ ಇಲ್ಲ ಕಣ್ರೀ!" ಮುಂದಿನ ಸೋಮವಾರ: "ಪೂರ್ತಿ ಬಟ್ಟೇದೇ ಸರಿ ಅನ್ಸುತ್ತೆ ಸಾರ್. ಆದ್ರೆ ಮಧ್ಯದಲ್ಲಿ ಗಾಳಿ ಎದ್ರೆ?" ಸಾಹೇಬರು ಕಣ್ಣು ಮುಚ್ಚಿ, ಗಾನ ಕೇಳಿದವರಂತೆ ತಲೆದೂಗುವರು. ವರ್ಗಾವಣೆಯ ಕಾಗದ ಅವರ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೆ ನಿದ್ದೆ ಮಾಡುತ್ತಿತ್ತು.

ಬಿಲ್ಲಿನ ಗುಮಾಸ್ತ ಸುಮ್ಮನಿರಲಿಲ್ಲ. ತಾನೂ ಒಂದು ಪಟ ತಂದು ಸಾಹೇಬರ ಮೇಜಿನ ಮೇಲೆ ಇಟ್ಟ. ಹೊಳೆಯುವ ಪ್ಲಾಸ್ಟಿಕ್ಕಿನದು, ಎರಡು ಕಣ್ಣು, ನಗುವ ಬಾಯಿ, ಉದ್ದ ಬಾಲ. ಮುಖ ಹೆಚ್ಚುಕಡಿಮೆ ಅವನದೇ. ಸಾಹೇಬರು ಬಾಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಒಂದು ದಾರದ್ದು" ಎಂದರು. ಸತ್ತ ಇಲಿಯ ವಿಷಯವನ್ನೂ ಜನ ಅದಕ್ಕಿಂತ ಪ್ರೀತಿಯಿಂದ ಹೇಳುತ್ತಾರೆ.

ಅವತ್ತು ಬಿಲ್ಲಿನ ಗುಮಾಸ್ತ ನೋಡೋಣಪ್ಪನ ಕೈ ಹಿಡಿದುಕೊಂಡ. "ಮಾರಾಯಾ, ನೀನು ಆರಿಸಿ ಮುಗಿಸಿದ ದಿನ ನಾನು ಗುಡ್ಡ ಹತ್ತೋದು ಗ್ಯಾರಂಟಿ. ಮುಗಿಸಬೇಡ. ನಿನ್ನ ಕಾಲಿಗೆ ಬೀಳ್ತೀನಿ."

"ನಾನೂ ಮುಗಿಸಬೇಕು ಅಂತ ಇಲ್ಲಪ್ಪಾ. ಆದ್ರೆ ಸಂದೇಹ ಖಾಲಿ ಆಗ್ತಾ ಬಂತು."

"ಅದಕ್ಕೇನು, ನಾನು ತಂದ್ಕೊಡ್ತೀನಿ. ಬಣ್ಣ ಯೋಚಿಸಿದ್ಯಾ? ದಾರದ ದಪ್ಪ? ಮಳೆ ಬಂದ್ರೆ ನೆನೆಯುತ್ತಾ? ಎಡಗೈಯೋರಿಗೆ ಬೇರೆ ಇದೆಯಾ ಕೇಳಿದ್ಯಾ?"

ಹೀಗೆ ಇಬ್ಬರು ಶತ್ರುಗಳು ಮಧ್ಯಾಹ್ನದ ಬಿಡುವಿನಲ್ಲಿ ಪಕ್ಕಪಕ್ಕ ಕೂತು ಸಂದೇಹ ತಯಾರಿಸತೊಡಗಿದರು. ಆ ಕಚೇರಿಯಲ್ಲಿ ಇಬ್ಬರು ಮನಸ್ಸಿಟ್ಟು ಒಟ್ಟಿಗೆ ಮಾಡಿದ ಕೆಲಸ ಅದೊಂದೇ ಎಂದು ಹೆಡ್ ಗುಮಾಸ್ತರು ಆಮೇಲೆ ಹೇಳುತ್ತಿದ್ದರು.

ಮನೆಯಲ್ಲಿ ಮಾತು ಬೇರೆ ಧಾಟಿಯಲ್ಲಿತ್ತು. "ಮನೆಗೊಂದು ಮಂಚ ತನ್ನಿ ಅಂದ್ರೆ ಮಗು ಹುಟ್ಟೋಕ್ಕಿಂತ ಮುಂಚಿಂದ ನೋಡ್ತಾನೇ ಇದಾರೆ ಅಳಿಯಂದಿರು" ಎಂದರು ಅತ್ತೆ, ಗೋಡೆಗೆ ಕೇಳುವಂತೆ. "ಈಗ ಗಾಳಿಪಟ ನೋಡ್ತಾರಂತೆ. ಮಲಗೋಕೆ ಅದನ್ನೇ ಹಾಸ್ಕೊಳ್ಳೋಣ ಬಿಡಿ."

ಹೆಂಡತಿ ಕತ್ತರಿ ಹಿಡಿದು ಊದಿಕೊಂಡ ಹೆಬ್ಬೆರಳನ್ನು ಬಿಸಿನೀರಲ್ಲಿ ಅದ್ದಿ ಕೂತಿದ್ದಳು. "ಸುಮ್ನಿರಮ್ಮಾ. ರೀ, ನಿಜ ಹೇಳಿ. ಇದರಿಂದ ವರ್ಗ ತಪ್ಪುತ್ತಾ?"

"ನೋ…" ಎಂದು ಶುರು ಮಾಡಿ, ಅವಳ ಮುಖ ನೋಡಿ, "ತಪ್ಪುತ್ತೆ" ಎಂದ.

ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲ ಮೇಲೆ ತಡೆದರು. "ಏನಯ್ಯಾ, ಮೀಸೆ ಬೆಳ್ಳಗಾಗೋ ಹೊತ್ತಿಗೆ ಗಾಳಿಪಟವಂತೆ?" ಎಂದು ಛೇಡಿಸಿದರು. ಸಾಹೇಬರೇ ಅವನನ್ನು ಕೇಳಿ ನಡೆಯುತ್ತಾರಂತೆ ಎಂಬ ಸುದ್ದಿ ಮುಟ್ಟಿದ ಮರುದಿನ ಅದೇ ಮೇಷ್ಟ್ರು ಅದೇ ಮೆಟ್ಟಿಲ ಮೇಲೆ ಬೆರಳು ನೆನೆಸಿ ಎತ್ತಿ ಹಿಡಿದು ನಿಂತು, "ಇವತ್ತು ಅರ್ಧ ಜಾಲರಿ ದಿನ, ಅಲ್ವೇನಪ್ಪಾ?" ಎಂದರು. ಅವರ ಮನೆಯ ಮೀಟರು ತಿಂಗಳಿಂದ ಕೆಟ್ಟಿತ್ತು.

ಒಂದು ಬೆಳಿಗ್ಗೆ ಜಡೆಯ ನಡುವೆ ಪುಟ್ಟಿ ಕೇಳಿದಳು. "ಅಪ್ಪಾ, ನೀನು ಯಾವ ಪಟ ತಗೋತೀಯ?"

"ನೀನೇ ಹೇಳು."

"ತೂತು ಇರೋದು."

"ಯಾಕೆ?"

"ಗಾಳಿಗೆ ಆಚೆ ಹೋಗೋಕೆ ದಾರಿ ಬೇಡ್ವಾ? ಇಲ್ದಿದ್ರೆ ಅದು ಒಳಗೇ ತಳ್ತಾ ಇರುತ್ತೆ, ತಳ್ತಾ ಇರುತ್ತೆ. ನಂಗೆ ಸ್ಕೂಲಲ್ಲಿ ಹಂಗೇ ಆಗೋದು."

ಇಡೀ ಮಾತನ್ನು ಎಲ್ಲೂ ನಿಲ್ಲದೆ ಹೇಳಿದಳು. ನೋಡೋಣಪ್ಪನ ಬಾಚಣಿಗೆ ಮಾತ್ರ ನಿಂತಿತು. ಆಮೇಲೆ ನಕ್ಕ. "ನಮ್ಮೂರಲ್ಲಿ ಅಂಥ ಗಾಳಿ ಎಲ್ಲಿದೆ ಪುಟ್ಟಿ? ನಾವು ಎಲ್ಲಿಗೂ ಹೋಗಲ್ಲವಲ್ಲ."

ಆ ವಾರವೇ ಮೇಲಿನ ಕಚೇರಿಯಿಂದ ಸಾಹೇಬರಿಗೆ ಬಿಸಿ ಮುಟ್ಟಿತು. ಗುಡ್ಡದ ಮೇಲೆ ಗುಮಾಸ್ತನಿಲ್ಲದೆ ಪಂಪಿನವನೇ ಪಂಪಿನ ಲೆಕ್ಕ ಬರೆದುಕೊಂಡು ತಾನೇ ಸಹಿ ಹಾಕುತ್ತಿದ್ದಾನಂತೆ. ಸಾಹೇಬರು ನೋಡೋಣಪ್ಪನನ್ನು ಕರೆದರು. "ಸಾಕು ಕಣ್ರೀ ಆರಿಸಿದ್ದು. ಭಾನುವಾರ ಮೈದಾನಕ್ಕೆ ಯಾವುದಾದ್ರೂ ಒಂದು ತನ್ನಿ. ನಾನೂ ನಂದು ತರ್ತೀನಿ. ಜೊತೆಯಾಗಿ ಹಾರಿಸಿ ಎಷ್ಟೋ ವರ್ಷ ಆಯ್ತು." ಆ ಕೊನೆಯ ಮಾತು ಹೇಳುವಾಗ ಅವರ ದನಿ ಅಧಿಕಾರಿಯದಾಗಿರಲಿಲ್ಲ. ನೋಡೋಣಪ್ಪನಿಗೆ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಪೂರ್ತಿ ಬಟ್ಟೆಯದನ್ನು ಕೊಂಡ. ಗಾಳಿಯಿಲ್ಲದ ಊರು, ಇಲ್ಲಿಯೇ ಇರುವವನು, ಸರಿಯಾದ ಆಯ್ಕೆ. ಈ ಒಂದು ವಿಷಯದಲ್ಲಿ ಅವನ ತರ್ಕದಲ್ಲಿ ಕೂದಲೆಳೆಯ ತಪ್ಪೂ ಇರಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಹೇಳಬಲ್ಲೆ.

ಭಾನುವಾರ ಮೈದಾನಕ್ಕೆ ಇಡೀ ಕಚೇರಿ ಬಂತು. ಸಾಹೇಬರ ಕಣ್ಣಿಗೆ ಬೀಳಲು ಹೆಡ್ ಗುಮಾಸ್ತರು, ಹೆದರಿಕೆಗೆ ಬಿಲ್ಲಿನ ಗುಮಾಸ್ತ, ಮೀಟರಿನ ಆಸೆಗೆ ಮೇಷ್ಟ್ರು, ಅಳಿಯಂದಿರ ಮಾನ ಹೋಗುವುದನ್ನು ತಪ್ಪಿಸಿಕೊಳ್ಳಬಾರದೆಂದು ಬಿಸಿಲಿಗೆ ಕೊಡೆ ಹಿಡಿದು ಅತ್ತೆ. ಪುಟ್ಟಿ ಅಜ್ಜಿಯ ಸೆರಗು ಹಿಡಿದು ನಿಂತಿದ್ದಳು.

ಸಾಹೇಬರು ತಮ್ಮ ಪಟದ ಚೀಲವನ್ನು ಬಿಚ್ಚದೆ ಕಾಲಬುಡದಲ್ಲಿಟ್ಟು, "ಮೊದಲು ನೀವು" ಎಂದರು. ನೋಡೋಣಪ್ಪ ಚೀಲ ಬಿಚ್ಚಿದ. ಕಡ್ಡಿ ಸೇರಿಸಿದ. ನಾಲ್ಕು ದಾರ ನೆಲದ ಮೇಲೆ ಹಾಸಿದ. ಅಂಗಡಿಯಾತ ಹೇಳಿದ್ದು ತಲೆಯಲ್ಲಿ ಕೂಗುತ್ತಿತ್ತು: ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಆದರೆ ನೆಲದ ಮೇಲೆ ಹಾಸಿದ ದಾರಕ್ಕೆ ಮೇಲು ಯಾವುದು, ಕೆಳಗು ಯಾವುದು? ಅವನ ಕೈಗೆ ಗೊತ್ತಿದ್ದ ದಾರಿ ಒಂದೇ. ಹಿಂದಿನಿಂದ ಕೂತು ಎಳೆಗಳನ್ನು ಒಂದರ ಮೇಲೊಂದು ದಾಟಿಸುವುದು. ದಾಟಿಸಿದ. ಮೇಲಿನ ದಾರ ಕೆಳಗೆ ಹೋಯಿತು, ಕೆಳಗಿನದು ಮೇಲೆ ಬಂತು. ಅದರ ಮೇಲೆ ಗಾಬರಿಯಲ್ಲಿ ಪಟವನ್ನು ತಲೆಕೆಳಗಾಗಿ ಬೇರೆ ನಿಲ್ಲಿಸಿದ. ಒಂದು ತಪ್ಪು ಮಾಡಿದ್ದರೆ ಪಟ ಅಲ್ಲೇ ಮಕಾಡೆ ಬೀಳುತ್ತಿತ್ತು, ಮಾನ ಹೋಗಿ ಮನುಷ್ಯ ಉಳಿಯುತ್ತಿದ್ದ. ಎರಡು ತಪ್ಪು ಒಂದನ್ನೊಂದು ಕೈಹಿಡಿದು ಎತ್ತಿದವು.

ಹಿಡಿ ಎಳೆದ. ಪಟ ಕುಂಡೆ ಮೇಲು ಮಾಡಿಕೊಂಡು ಎದ್ದಿತು. ತಲೆ ಕೆಳಗೆ, ಬುಡ ಮೇಲೆ, ಹಿಮ್ಮುಖವಾಗಿ, ನಾಚಿಕೆಯಿಂದ ಹಿಂದೆ ಸರಿಯುವವರಂತೆ ಸರಸರನೆ ಆಕಾಶಕ್ಕೆ ಏರಿತು. ಮರದೆತ್ತರಕ್ಕೆ ಹೋಗಿ ನಡುಗುತ್ತಾ ನಿಂತಿತು.

"ಹಿಂದಕ್ಕೆ!" ಸಾಹೇಬರು ಕೂಗಿದರು. "ಹಿಂದಕ್ಕೆ ಹಾರಿಸ್ತಿದಾರೆ! ನೋಡ್ರೋ!"

ಏನು ನೋಡಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಆದರೆ ಸಾಹೇಬರು ಚಪ್ಪಾಳೆ ತಟ್ಟಿದ್ದರಿಂದ ಹೆಡ್ ಗುಮಾಸ್ತರು ತಟ್ಟಿದರು. ಹೆಡ್ ಗುಮಾಸ್ತರು ತಟ್ಟಿದ್ದರಿಂದ ಮೈದಾನವೆಲ್ಲ ತಟ್ಟಿತು. "ಎಂಥಾ ಹಿಂದಕ್ಕೆ!" ಎಂದರು ಮೇಷ್ಟ್ರು. ಬಿಲ್ಲಿನ ಗುಮಾಸ್ತ ತಟ್ಟುತ್ತಾ ಅಳುತ್ತಿದ್ದ. ಅಷ್ಟರಲ್ಲಿ ಪಟ ಒಮ್ಮೆ ತೂಗಿ, ನೇರವಾಗಿ ಬಂದು ಅತ್ತೆಯ ಕೊಡೆಯ ಮೇಲೆ ಮಲಗಿತು.

"ಇಷ್ಟು ದೊಡ್ಡ ಮೈದಾನದಲ್ಲಿ ನಾನೇ ಕಂಡಿದ್ದು" ಎಂದರು ಅತ್ತೆ ಒಳಗಿನಿಂದ.

ಸಾಹೇಬರು ನಡೆದು ಬಂದರು. ಬಗ್ಗಿ ಪಟವನ್ನು ಎತ್ತಿದರು. ಗಂಟುಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಒಂದು ಗಂಟನ್ನು ಹೆಬ್ಬೆರಳಿನಿಂದ ಸವರಿ, ಇನ್ನೊಂದನ್ನು ಸವರಿ, ಪಟವನ್ನು ತಿರುಗಿಸಿ ತಲೆ ಎಲ್ಲಿದೆ ಎಂದು ನೋಡಿದರು. ಸಾಹೇಬರು ನೆಟ್ಟಗಾಗಿ ಅವನ ಕೈ ಹಿಡಿದು ಕುಲುಕಿದರು.

"ನಿಮ್ಮಂಥೋರು ಈ ಊರಲ್ಲಿ ಇರಬಾರದು" ಎಂದರು.

ಎಲ್ಲರಿಗೂ ಅದು ಹೊಗಳಿಕೆಯಂತೆ ಕೇಳಿಸಿತು. ಅತ್ತೆ ಕೂಡ ಕೊಡೆ ಮಡಿಸಿ, "ನಮ್ಮ ಅಳಿಯಂದಿರು" ಎಂದರು.

ಬುಧವಾರ ಆದೇಶ ಬಂತು. ಗುಡ್ಡಕ್ಕೆ ನೋಡೋಣಪ್ಪ.

ಅವನು ಸಾಹೇಬರ ಕೋಣೆಗೆ ಓಡಿದ. ಈ ಸಲ ಫೈಲೂ ಇರಲಿಲ್ಲ. ಸಾಹೇಬರು ಎದ್ದು ನಿಂತು ಎರಡೂ ಕೈ ಚಾಚಿದರು. "ಬನ್ನಿ ಬನ್ನಿ! ಅಲ್ಲಿಯ ಗಾಳಿ ನೋಡಿದೀರಾ? ಹಗಲು ರಾತ್ರಿ ಬೀಸುತ್ತೆ ಕಣ್ರೀ. ನಾನೇ ಹೋಗಬೇಕು ಅಂತ ಆಸೆ ಪಟ್ಟೆ, ಅಲ್ಲಿ ಅಧಿಕಾರಿ ಹುದ್ದೆ ಇಲ್ಲ ಅಂದುಬಿಟ್ರು. ನನಗಂತೂ ಸಿಗಲಿಲ್ಲ, ನಿಮಗಾದ್ರೂ ಸಿಗಲಿ."

"ಸಾರ್, ನನಗೆ… ಬೆಳಿಗ್ಗೆ ಜಡೆ…"

"ಜಡೆ?"

"ಮಗಳಿಗೆ ಸಾರ್. ನಾನೇ ಜಡೆ ಹಾಕ್ಬೇಕು."

ಸಾಹೇಬರು ಕ್ಷಣ ಯೋಚಿಸಿ ನಕ್ಕರು. "ಮಗಳಿಗೂ ಪಟ ಮಾಡ್ಕೊಡ್ತೀರಾ! ಅಯ್ಯೋ, ಜಡೆ, ಬಾಲ ಎಲ್ಲ ಒಂದು ದಾರದ ಪಟಕ್ಕೆ ಕಣ್ರೀ. ನಾಲ್ಕು ದಾರದ್ದಕ್ಕೆ ಬಾಲ ಯಾಕೆ? ಅವಳಿಗೂ ನಾಲ್ಕು ದಾರದ್ದೇ ಕಲಿಸಿ."

ಈಗ ನಿಜ ಹೇಳಿದರೆ ಸುಳ್ಳುಗಾರನೆಂದು ಕಳಿಸುವರು, ಹೇಳದಿದ್ದರೆ ಬಲ್ಲವನೆಂದು ಕಳಿಸುವರು. ಎರಡು ದಾರಿಯೂ ಅದೇ ಗುಡ್ಡಕ್ಕೆ. ನೋಡೋಣಪ್ಪನ ಬಾಯಿಂದ ಜನ್ಮದ ಅಭ್ಯಾಸವೇ ಹೊರಬಂತು.

"ನೋಡೋಣ ಸಾರ್."

"ಹೋಗಿ ನೋಡಿ!" ಎಂದರು ಸಾಹೇಬರು.

ಬೀಳ್ಕೊಡುಗೆಗೆ ಚಹಾ ಬಂತು, ಭಾಷಣವಾಯಿತು. ಸಾಹೇಬರ ಕಣ್ಣಿಗೆ ಬೀಳುವ ಉಪಾಯ ತಾವೇ ಹೇಳಿಕೊಟ್ಟದ್ದೆಂದು ಹೆಡ್ ಗುಮಾಸ್ತರು ಎಲ್ಲರೆದುರು ಒಪ್ಪಿಕೊಂಡರು. ಬಿಲ್ಲಿನ ಗುಮಾಸ್ತ ಅಪ್ಪಿಕೊಂಡು, "ನಿನ್ನ ಋಣ ಹೇಗೆ ತೀರಿಸ್ಲಿ ಮಾರಾಯಾ" ಎಂದು ಬಿಕ್ಕಿದ. ತೀರಿಸುವ ದಾರಿಯೊಂದಿತ್ತು, ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಚಹಾ ಕುಡಿದರು. ಮೇಷ್ಟ್ರು ಮೆಟ್ಟಿಲ ಮೇಲೆ ಮಾತಾಡಲಿಲ್ಲ. ಹೊರಟುಹೋಗುವವನ ಕೈಯಲ್ಲಿ ಮೀಟರು ರಿಪೇರಿಯಾಗುವುದಿಲ್ಲ.

ಹೆಂಡತಿ ಒಂದೇ ಮಾತು ಕೇಳಿದಳು. "ತಪ್ಪುತ್ತೆ ಅಂದ್ರಲ್ಲ?"

ಹೊರಡುವ ಬೆಳಿಗ್ಗೆ ಜಡೆಯನ್ನು ಎಷ್ಟು ಸಲ ಬಿಚ್ಚಿ ಹಾಕಿದನೋ. ಪುಟ್ಟಿ ಆ ಹೊತ್ತೆಲ್ಲ ಬೆಕ್ಕು ಮರಿ ಹಾಕಿದ ಸುದ್ದಿಯನ್ನೇ ಹೇಳುತ್ತಿದ್ದಳು. ಮರಿಗಳು ಒಂದೊಂದಾಗಿ ಕಣ್ಣು ಬಿಡುವವರೆಗೂ ಹೇಳಿದಳು. ಕೊನೆಗೆ ಬಸ್ಸಿನ ಹೊತ್ತಾಯಿತೆಂದು ಅತ್ತೆ ಬಾಚಣಿಗೆ ಕಿತ್ತುಕೊಂಡರು.

ಗುಡ್ಡದ ಮೇಲೆ ಮೊದಲ ವಾರವೇ ನೋಡೋಣಪ್ಪ ಪಟ ಬಿಚ್ಚಿದ. ಯಾಕೆಂದು ಕೇಳಬೇಡಿ, ಸಂಜೆ ಕಳೆಯಬೇಕಲ್ಲ. ದಾರ ಈ ಸಲ ಸರಿಯಾಗಿ ಕಟ್ಟಿದ್ದ, ತಲೆ ಮೇಲಿತ್ತು. ಪೂರ್ತಿ ಬಟ್ಟೆ, ಒಂದು ತೂತಿಲ್ಲ, ಬೋಳು ಗುಡ್ಡದ ಗಾಳಿ. ಪಟ ಎದ್ದ ಕ್ಷಣ ಕಡ್ಡಿ ಲಟಕ್ಕೆಂದಿತು, ನೋಡೋಣಪ್ಪ ಮೊಣಕಾಲ ಮೇಲೆ ಬಂಡೆಯ ಅಂಚಿನ ಕಡೆಗೆ ಸಾಗಿದ. ಪಂಪಿನವನು ಓಡಿ ಬಂದು ಸೊಂಟ ಹಿಡಿದುಕೊಂಡ.

"ಬಿಡಿ ಸಾರ್!" ಎಂದು ಕಿವಿಯಲ್ಲಿ ಕೂಗಿದ.

"ಯಾವ ದಾರ?" ಎಂದು ಇವನೂ ಕೂಗಿದ.

"ಎಲ್ಲಾನೂ ಬಿಡಿ!"

ಈಗ ಆ ಬಟ್ಟೆ ಕಡಲ ಕಡೆಯ ಕಿಟಕಿಗೆ ಮೊಳೆ ಹೊಡೆಸಿಕೊಂಡು ಗಾಳಿ ತಡೆಯುತ್ತಿದೆ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆಯಂತೆ. ಜಾಲರಿಯದನ್ನು ತಂದಿದ್ದರೆ ಪರದೆಗೆ ಆಗುತ್ತಿರಲಿಲ್ಲ ಎಂದು ನೋಡೋಣಪ್ಪ ತನಗೆ ತಾನೇ ಹೇಳಿಕೊಳ್ಳುತ್ತಾನೆ.

ಭಾನುವಾರ ಫೋನು ಮಾಡುತ್ತಾನೆ. "ಪುಟ್ಟಿಗೆ ಕೊಡಿ" ಎನ್ನುತ್ತಾನೆ. ಫೋನಿನಲ್ಲಿ ಉಸಿರು ಕೇಳುತ್ತದೆ. ಇವನು ಬೆಕ್ಕಿನ ಮರಿ ಹೇಗಿವೆ ಎಂದು ಕೇಳುತ್ತಾನೆ. ಮೊದಲ ಅಕ್ಷರ ಬಂದು ನಿಲ್ಲುತ್ತದೆ, ಮತ್ತೆ ಬಂದು ನಿಲ್ಲುತ್ತದೆ, ಆಮೇಲೆ ಬರೀ ಉಸಿರು. ಈ ಕಡೆ ಗಾಳಿ, ಆ ಕಡೆ ಉಸಿರು. ಯಾವುದು ಯಾವುದೆಂದು ಅವನಿಗೆ ಗೊತ್ತಾಗುವುದಿಲ್ಲ. ಅತ್ತೆ ಫೋನು ತೆಗೆದುಕೊಳ್ಳುತ್ತಾರೆ.

"ಜಡೆ ನಾನೇ ಹಾಕ್ತೀನಿ ಅಳಿಯಂದ್ರೇ, ನೀವೇನೂ ಚಿಂತೆ ಮಾಡಬೇಡಿ. ಗಟ್ಟಿಯಾಗಿ ಹಾಕ್ತೀನಿ, ಸಂಜೆವರೆಗೂ ಒಂದೆಳೆ ಬಿಚ್ಚಲ್ಲ. ಒಂದೇ ಸಲಕ್ಕೆ ಮುಗಿದು ಹೋಗುತ್ತೆ. ಕೂತಿರ್ತಾಳೆ ಪಾಪ, ಪಿಟ್ಟನ್ನಲ್ಲ."

ಸಾಹೇಬರು ಆ ದಿನ ಮೈದಾನದಲ್ಲಿ ಗಂಟುಗಳನ್ನು ಅಷ್ಟು ಹೊತ್ತು ನೋಡಿದರಲ್ಲ, ಅವರಿಗೆ ಏನು ಗೊತ್ತಾಯಿತು? ತಲೆಕೆಳಗಾದ ಪಟ ಹಿಡಿದ ಸುಳ್ಳುಗಾರನನ್ನು ಗುರುತಿಸಿ ನಯವಾಗಿ ಗುಡ್ಡ ಹತ್ತಿಸಿದರೋ, ಅಥವಾ ತಮಗೆ ಸಿಗದ ಗಾಳಿಯನ್ನು ನಿಜವಾಗಿಯೂ ಪ್ರೀತಿಯಿಂದ ಕೊಟ್ಟರೋ? ಹೆಡ್ ಗುಮಾಸ್ತರನ್ನು ಕೇಳಿದೆ. ಮೈದಾನದಿಂದ ಹೋಗುವಾಗ ಸಾಹೇಬರು ಕಣ್ಣೊರೆಸಿಕೊಳ್ಳುತ್ತಿದ್ದದ್ದು ನಿಜ, ಆದರೆ ನಕ್ಕು ಬಂದ ನೀರೋ ಬೇರೆಯದೋ ತಿಳಿಯಲಿಲ್ಲ ಎಂದರು. ಸಾಹೇಬರನ್ನು ಕೇಳುವ ಧೈರ್ಯ ನನಗಿಲ್ಲ. ಕೇಳಿ ತಿಳಿದರೆ ನೋಡೋಣಪ್ಪನಿಗೆ ಏನು ಉಪಕಾರವಾದೀತು ಎಂಬುದೂ ಗೊತ್ತಿಲ್ಲ.

ಬೆಕ್ಕಿನ ಮರಿಗಳು ಏನಾದವು ಎಂಬುದೂ ಗೊತ್ತಿಲ್ಲ. ಅದನ್ನು ಹೇಳಬೇಕಾದವಳು ಹೇಳುತ್ತಿಲ್ಲ.